ಲೈಬಲ್ಡ್ ಲೇಡಿ (1936): ಈ ಸುಳ್ಳು ಮದುವೆಯಲ್ಲಿ ಗ್ಲಾಡಿಸ್‌ಗೆ ಅನ್ಯಾಯ ಆಯ್ತಾ?

ಸಂಜೆ ಶೋ

ಹಳೇ ಹಾಲಿವುಡ್ ಕಾಮಿಡಿ ನೋಡುವವರು ಇಲ್ಲಿ ಸುಮಾರು ಜನ ಇದ್ದೀರಿ. ಒಂದು ಪಂಚಾಯ್ತಿ ಇದೆ, ತೀರ್ಪು ಹೇಳಿ. ಎಂಜಿಎಂ 1936ರಲ್ಲಿ ತೆಗೆದ 'ಲೈಬಲ್ಡ್ ಲೇಡಿ'. ನಿರ್ದೇಶಕ ಜ್ಯಾಕ್ ಕಾನ್ವೇ. ತಾರೆಯರು ನಾಲ್ವರು: ವಿಲಿಯಂ ಪೊವೆಲ್, ಮರ್ನಾ ಲಾಯ್, ಜೀನ್ ಹಾರ್ಲೋ, ಸ್ಪೆನ್ಸರ್ ಟ್ರೇಸಿ. ಟೈಟಲ್ ಬರುವಾಗಲೇ ನಾಲ್ವರೂ ತೋಳಿಗೆ ತೋಳು ಸೇರಿಸಿ ನಗುತ್ತ ನಡೆದು ಬರುತ್ತಾರೆ. ಆಮೇಲೆ ಒಂದೂವರೆ ಗಂಟೆ ಯಾರು ಯಾರ ಗಂಡ, ಯಾರು ಯಾರ ಹೆಂಡತಿ ಅನ್ನುವುದೇ ಗಲಿಬಿಲಿ.

ಕೊನೆಯ ತನಕ ಕಥೆ ಹೇಳುತ್ತೇನೆ. ನೋಡಿಲ್ಲದವರು ಬೇಕಾದರೆ ನೋಡಿಕೊಂಡು ಬನ್ನಿ.

ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಸುಳ್ಳು ಸುದ್ದಿ ಅಚ್ಚಾಗುತ್ತದೆ. ಭಾರೀ ಶ್ರೀಮಂತನ ಮಗಳು ಕಾನಿ ಆಲನ್‌ಬರಿ (ಲಾಯ್) ಇನ್ನೊಬ್ಬಳ ಗಂಡನನ್ನು ಬುಟ್ಟಿಗೆ ಹಾಕಿಕೊಂಡಳು ಅಂತ. ತಪ್ಪು ಗೊತ್ತಾಗಿ ಪ್ರತಿಗಳನ್ನು ವಾಪಸ್ ತರಿಸಲು ಓಡಾಡುತ್ತಾರೆ, ಆದರೆ ಕೆಲವು ಕೈತಪ್ಪಿ ಹೋಗಿರುತ್ತವೆ. ಕಾನಿ 50 ಲಕ್ಷ ಡಾಲರ್‌ಗೆ ಮಾನನಷ್ಟ ಮೊಕದ್ದಮೆ ಹೂಡುತ್ತಾಳೆ. ಸಂಪಾದಕ ಹ್ಯಾಗರ್ಟಿ (ಟ್ರೇಸಿ) ಅವತ್ತು ಗ್ಲಾಡಿಸ್ (ಹಾರ್ಲೋ) ಜೊತೆ ಮದುವೆ ಆಗಬೇಕಿತ್ತು. ಅದನ್ನು ಬಿಟ್ಟು ಆಫೀಸಿಗೆ ಓಡುತ್ತಾನೆ. ಇದು ಮೊದಲ ಸಲ ಏನಲ್ಲ. ಗ್ಲಾಡಿಸ್ ಮದುವೆ ಬಟ್ಟೆಯಲ್ಲೇ ಪತ್ರಿಕೆ ಆಫೀಸಿಗೆ ನುಗ್ಗಿ ಅವನ ಗ್ರಹಚಾರ ಬಿಡಿಸುತ್ತಾಳೆ.

ಹ್ಯಾಗರ್ಟಿಯ ಉಪಾಯ ಹೀಗಿದೆ. ತಾನೇ ಹಿಂದೆ ಕೆಲಸದಿಂದ ತೆಗೆದ ಬಿಲ್ ಚ್ಯಾಂಡ್ಲರ್‌ನನ್ನು (ಪೊವೆಲ್) ಕಾನಿಯ ಹತ್ತಿರ ಬಿಡುವುದು. ಇಬ್ಬರೂ ಒಟ್ಟಿಗೆ ಇರುವಾಗ ಬಿಲ್‌ನ 'ಹೆಂಡತಿ' ಬಂದು ರಂಪ ಮಾಡುವುದು. ಆಗ ಪತ್ರಿಕೆ ಬರೆದದ್ದೇ ನಿಜ ಆಗಿಬಿಡುತ್ತದೆ, ಕೇಸು ಬಿದ್ದುಹೋಗುತ್ತದೆ. ಆದರೆ ಬಿಲ್‌ಗೆ ಹೆಂಡತಿ ಇಲ್ಲವಲ್ಲ! ಅದಕ್ಕೆ ಹ್ಯಾಗರ್ಟಿ ತನ್ನ ಹುಡುಗಿ ಗ್ಲಾಡಿಸ್‌ಳನ್ನೇ ಬಿಲ್‌ಗೆ ಕಟ್ಟಿಬಿಡುತ್ತಾನೆ. ನಾಮಕಾವಸ್ತೆ ಮದುವೆ, ಕೆಲಸ ಮುಗಿದ ಮೇಲೆ ಬಿಡುಗಡೆ.

ನನ್ನ ತಕರಾರು ಇಷ್ಟೇ. ಇಬ್ಬರು ಗಂಡಸರಿಗೂ ಆ ಮದುವೆ ಒಂದು ಚೀಟಿ. ಗ್ಲಾಡಿಸ್ ಒಬ್ಬಳೇ ಅದನ್ನು ನಿಜ ಮಾಡಿಕೊಳ್ಳುತ್ತಾಳೆ, ಬಿಲ್‌ನನ್ನು ಇಷ್ಟಪಡುತ್ತಾಳೆ. ಅಷ್ಟು ಹೊತ್ತಿಗೆ ಬಿಲ್ ಕಾನಿಯ ಹಿಂದೆ. ಕೊನೆಗೆ ಗ್ಲಾಡಿಸ್‌ಗೆ ಬುದ್ಧಿ ಹೇಳಿ, 'ನಿನಗೆ ಹ್ಯಾಗರ್ಟಿನೇ ಸರಿ' ಅಂತ ವಾಪಸ್ ಕಳಿಸುತ್ತಾರೆ. ಅವಳನ್ನು ಸಾಲ ಕೊಟ್ಟವನ ಹತ್ತಿರಕ್ಕೇ! ನಕ್ಕು ಮುಗಿದ ಮೇಲೆ ನನಗೆ ಇದು ಸರಿ ಅನಿಸಲಿಲ್ಲ. ನಿಮಗೆ?

ಗಾಂಧಿಬಜಾರ್ ಗೆಳತಿ

ಸಂಜೆ ಶೋ ಅವರೇ, ಅನ್ಯಾಯ ಅನ್ನುವ ಮೊದಲು ಆ ಮದುವೆ ಸೀನ್ ಇನ್ನೊಂದು ಸಲ ನೋಡಿ. ಮದುಮಗ ಬಿಲ್. ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು ಹ್ಯಾಗರ್ಟಿ. ವಿಧಿ ಮುಗಿದ ಮೇಲೆ ಗಂಡನಿಗೆ ಸಿಗುವುದು ತುಟಿ ತಾಗಿತೋ ಇಲ್ಲವೋ ಅನ್ನುವಂಥ ಮುತ್ತು. ಸಾಕ್ಷಿಗೆ ಸಿಗುವುದು ಬಿಡಿಸಲು ಆಗದಂಥ ಅಪ್ಪುಗೆ. ಮದುವೆ ಮಾಡಿಸಿದ ಆ ವಯಸ್ಸಾದ ಮನುಷ್ಯನ ಮುಖ ನೋಡಬೇಕು! ಇವನು ಮನೆಯವರಿಗೆ ಹಳೇ ಸ್ನೇಹಿತ ಅಂತ ಏನೋ ಹೇಳಿ ಜಾರಿಕೊಳ್ಳುತ್ತಾರೆ.

ಇಡೀ ಕಥೆ ಆ ಒಂದು ನಿಮಿಷದಲ್ಲೇ ಇದೆ. ಗ್ಲಾಡಿಸ್‌ಗೆ ಬೇಕಾದದ್ದು ಮೊದಲಿಂದಲೂ ಹ್ಯಾಗರ್ಟಿ. ಬಿಲ್ ಮೇಲೆ ಮನಸ್ಸು ಬರುವುದು ಅವನು ಅವಳ ಜೊತೆ ಮರ್ಯಾದೆಯಿಂದ ಮಾತಾಡಿದ್ದಕ್ಕೆ. ಅಷ್ಟು ಮರ್ಯಾದೆ ಹ್ಯಾಗರ್ಟಿ ಯಾವತ್ತೂ ಕೊಟ್ಟಿರಲಿಲ್ಲ. ಅದನ್ನು ಪ್ರೀತಿ ಅಂದುಕೊಂಡಳು, ಪಾಪ.

ಸಂಜೆ ಶೋ

ಅದೇ ನಾನು ಹೇಳಿದ್ದು ಮೇಡಂ. ಮರ್ಯಾದೆ ಕೊಟ್ಟವನನ್ನು ಬಿಟ್ಟು ಮರ್ಯಾದೆ ಕೊಡದವನ ಹತ್ತಿರ ಕಳಿಸಿದರು. ಅದೂ ಅಲ್ಲದೆ ಬಿಲ್ ಕೊಟ್ಟ ಮರ್ಯಾದೆಯಲ್ಲೂ ಅರ್ಧ ನಾಟಕ. ಕಾನಿ ಮೇಲೆ ಪ್ರೀತಿ ಬಂದ ಮೇಲೆ ಅವನಿಗೆ ಸಮಯ ಬೇಕು. ಗ್ಲಾಡಿಸ್ ರಂಪ ಮಾಡಿ ಎಲ್ಲವನ್ನೂ ಹಾಳು ಮಾಡಬಾರದು. ಅದಕ್ಕೆ ಅವಳನ್ನು ಮಾತಿನಲ್ಲೇ ಕರಗಿಸಿ ಇಟ್ಟುಕೊಳ್ಳುತ್ತಾನೆ.

ತುಂಗಾ ತೀರ

ಎರಡು ಸಲ ಓದಿದೆ, ಇನ್ನೂ ಯಾರು ಯಾರ ಹೆಂಡತಿ ಗೊತ್ತಾಗಲಿಲ್ಲ 😄

ಕೋರ್ಟು ಕಚೇರಿ

ನಮ್ಮ ಕಡೆಯಿಂದ ಸ್ವಲ್ಪ ಕಾನೂನು. ಬೋರ್ ಆದರೆ ದಾಟಿ ಮುಂದೆ ಹೋಗಿ.

ಹ್ಯಾಗರ್ಟಿಯ ಉಪಾಯ ನಿಂತಿರುವುದು ಅಮೆರಿಕದ ಒಂದು ಹಳೇ ಬಗೆಯ ದಾವೆಯ ಮೇಲೆ. 'ನನ್ನ ಗಂಡನ ಪ್ರೀತಿಯನ್ನು ಈಕೆ ನನ್ನಿಂದ ದೂರ ಮಾಡಿದಳು, ಪರಿಹಾರ ಕೊಡಿಸಿ' ಅಂತ ಹೆಂಡತಿ ಮೂರನೆಯವಳ ಮೇಲೆ ಕೇಸು ಹಾಕಬಹುದಿತ್ತು. 1930ರ ದಶಕದಲ್ಲಿ ಇದು ಶ್ರೀಮಂತರನ್ನು ಹೆದರಿಸಿ ದುಡ್ಡು ಕೀಳುವ ದಂಧೆ ಆಗಿತ್ತು ಅಂತ ದೊಡ್ಡ ಗಲಾಟೆ ಎದ್ದಿತು. 1935ರಲ್ಲಿ ಕೆಲವು ರಾಜ್ಯಗಳು ಇಂಥ ದಾವೆಗಳನ್ನೇ ರದ್ದು ಮಾಡಿದವು. ಅದರಲ್ಲಿ ನ್ಯೂಯಾರ್ಕ್ ಕೂಡ ಒಂದು! ಚಿತ್ರ ಬಂದದ್ದು 1936ರ ಅಕ್ಟೋಬರ್‌ನಲ್ಲಿ. ಅಂದರೆ ನ್ಯೂಯಾರ್ಕ್ ಪತ್ರಿಕೆಯ ಈ ಮಹಾ ಉಪಾಯ ನ್ಯೂಯಾರ್ಕ್ ಕೋರ್ಟಿನಲ್ಲಿ ಆಗಲೇ ನಡೆಯುವ ಹಾಗಿರಲಿಲ್ಲ. ಬೇರೆ ಎಷ್ಟೋ ರಾಜ್ಯಗಳಲ್ಲಿ ನಡೆಯುತ್ತಿತ್ತು ಅನ್ನಿ. ಹೆಸರು ಕೆಡುವ ಭಯವಂತೂ ಎಲ್ಲ ಕಡೆ ಇತ್ತು.

ಇನ್ನು ಕೊನೆಯ ಟ್ವಿಸ್ಟ್. ಅಷ್ಟು ಹೊತ್ತಿಗೆ ಕಾನಿಯನ್ನು ಮದುವೆ ಆಗಿಬಿಟ್ಟಿರುವ ಬಿಲ್ ಹೇಳುತ್ತಾನೆ: ಗ್ಲಾಡಿಸ್ ತನ್ನ ಮೊದಲ ಗಂಡನಿಗೆ ಕೊಟ್ಟ ಯುಕಾಟಾನ್ ವಿಚ್ಛೇದನ ಊರ್ಜಿತವಲ್ಲ, ಆದ್ದರಿಂದ ಗ್ಲಾಡಿಸ್ ಜೊತೆಗಿನ ನನ್ನ ಮದುವೆಯೂ ಊರ್ಜಿತವಲ್ಲ. ಇದು ಸುಮ್ನೆ ಕಟ್ಟಿದ ಮಾತಲ್ಲ. ಮೆಕ್ಸಿಕೋದ ಯುಕಾಟಾನ್ ರಾಜ್ಯ 1923ರಲ್ಲಿ ವಿಚ್ಛೇದನವನ್ನು ತುಂಬಾ ಸಲೀಸು ಮಾಡಿತು. ಅಮೆರಿಕದಿಂದ ಜನ ಅಲ್ಲಿಗೆ ಹೋಗತೊಡಗಿದರು. ಅಂಥ ಮೆಕ್ಸಿಕನ್ ವಿಚ್ಛೇದನಗಳನ್ನು ಅಮೆರಿಕದ ಕೋರ್ಟುಗಳು ಎಷ್ಟೋ ಸಲ ಒಪ್ಪಲಿಲ್ಲ. ಅವತ್ತಿನ ಪ್ರೇಕ್ಷಕರು ಆ ಊರಿನ ಹೆಸರು ಕೇಳಿದರೆ ಸಾಕು, ನಗುತ್ತಿದ್ದರು.

ಆಗ ಗ್ಲಾಡಿಸ್ ತುರುಪು ಎಲೆ ಇಳಿಸುತ್ತಾಳೆ. ಯುಕಾಟಾನ್ ಮೇಲೆ ನಂಬಿಕೆ ಇಲ್ಲದೆ ತಾನು ರೀನೋದಲ್ಲಿ ಇನ್ನೊಂದು ವಿಚ್ಛೇದನ ತೆಗೆದುಕೊಂಡಿದ್ದೆ ಅಂತ. ರೀನೋ ಇರುವ ನೆವಾಡಾ ರಾಜ್ಯ 1931ರಲ್ಲಿ ವಾಸದ ಅವಧಿಯನ್ನು 6 ವಾರಕ್ಕೆ ಇಳಿಸಿತ್ತು. ಆರು ವಾರ ರೀನೋದಲ್ಲಿ ಇದ್ದರೆ ನೀವು ಅಲ್ಲಿನವರು, ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಗಟ್ಟಿ ಕಾಗದ. ಹಾಗಾಗಿ ಬಿಲ್–ಗ್ಲಾಡಿಸ್ ಮದುವೆ ನೂರಕ್ಕೆ ನೂರು ಊರ್ಜಿತ.

ನಮ್ಮಲ್ಲೂ 1955ರ ಹಿಂದೂ ವಿವಾಹ ಕಾಯ್ದೆ ಅದನ್ನೇ ಹೇಳುತ್ತದೆ. ಮೊದಲ ಮದುವೆ ನಿಂತಿರುವಾಗ ಮಾಡಿಕೊಂಡ ಎರಡನೆಯದು ಅನೂರ್ಜಿತ. 'ನಾವು ತಮಾಷೆಗೆ ಆಗಿದ್ದು ಸ್ವಾಮಿ' ಅಂದರೆ ಯಾವ ಜಡ್ಜೂ ಕೇಳುವುದಿಲ್ಲ.

ಡಬ್ಬಾ ರೀಲ್

ಕೋರ್ಟು ಕಚೇರಿ ಸರ್, ಸೂಪರ್. ಇದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ಆ ಕಾಲದ ಹಾಲಿವುಡ್ ಕಾಮಿಡಿಗಳಲ್ಲಿ ಇಷ್ಟೊಂದು ಸುಳ್ಳು ಮದುವೆ, ಅರ್ಧ ಮದುವೆ, ರದ್ದಾದ ಮದುವೆ ಯಾಕೆ?

ಸೆನ್ಸಾರ್. ಸಿನಿಮಾ ಉದ್ಯಮ ತಾನೇ ಹಾಕಿಕೊಂಡ ನಿಯಮಗಳು 1930ರಿಂದಲೇ ಇದ್ದವು. ಆದರೆ ಬಿಗಿಯಾಗಿ ಜಾರಿಗೆ ಬಂದದ್ದು 1934ರ ಜುಲೈನಿಂದ. ಜೋಸೆಫ್ ಬ್ರೀನ್ ಆಫೀಸಿನ ಮುದ್ರೆ ಇಲ್ಲದೆ ದೊಡ್ಡ ಸ್ಟುಡಿಯೋಗಳ ಚಿತ್ರ ಬಿಡುಗಡೆ ಆಗುವ ಹಾಗಿರಲಿಲ್ಲ. ಮದುವೆಯ ಪಾವಿತ್ರ್ಯಕ್ಕೆ ಧಕ್ಕೆ ಬರಬಾರದು, ಅನೈತಿಕ ಸಂಬಂಧವನ್ನು ಹಗುರವಾಗಿ ತೋರಿಸಬಾರದು ಅಂತೆಲ್ಲ.

ಬರಹಗಾರರು ಸುಮ್ಮನಿರುತ್ತಾರಾ? ಗಂಡು–ಹೆಣ್ಣು ಒಂದೇ ಕೋಣೆಯಲ್ಲಿ ಇರಬೇಕು, ಆದರೆ ಏನೂ ನಡೆಯಬಾರದು. ಮದುವೆ ಮಾಡಿಸಿಬಿಡಿ! ಕಾಗದದಲ್ಲಿ ಗಂಡ–ಹೆಂಡತಿ, ಆದ್ದರಿಂದ ಸೆನ್ಸಾರ್‌ಗೆ ತಕರಾರಿಲ್ಲ. ಮನಸ್ಸಿನಲ್ಲಿ ಅಪರಿಚಿತರು, ಆದ್ದರಿಂದ ಕಾಮಿಡಿ. ಇಲ್ಲಿ ಇನ್ನೊಂದು ಮಜಾ ನೋಡಿ. ಗ್ಲಾಡಿಸ್ ಹೋಟೆಲಿನಲ್ಲಿ ಬಿಲ್ ಜೊತೆ ಇದ್ದರೆ ಅದು ಧರ್ಮ. ಅವಳು ನಿಜವಾಗಿ ಪ್ರೀತಿಸುವ ಹ್ಯಾಗರ್ಟಿ ಆ ಕೋಣೆಗೆ ಬಂದರೆ ಅದು ಅಧರ್ಮ. ನಿಯಮವನ್ನು ಅಕ್ಷರಶಃ ಪಾಲಿಸಿ ನಿಯಮವನ್ನೇ ಗೇಲಿ ಮಾಡಿದ್ದಾರೆ.

ಅಜ್ಜನ ರೇಡಿಯೋ

ಪಾಠ ಜಾಸ್ತಿ ಆಯ್ತು ಕಣ್ರಪ್ಪಾ. ಮೀನು ಹಿಡಿಯುವ ಸೀನ್ ಬಗ್ಗೆ ಇನ್ನೂ ಯಾರೂ ಮಾತೇ ಎತ್ತಿಲ್ಲ!

ಕಾನಿಯ ಅಪ್ಪನಿಗೆ (ವಾಲ್ಟರ್ ಕೊನೊಲಿ) ಗಾಳ ಹಾಕುವ ಹುಚ್ಚು. ಅವನನ್ನು ಒಲಿಸಿಕೊಳ್ಳಲು ಬಿಲ್ ತಾನೂ ದೊಡ್ಡ ಗಾಳಗಾರ ಅಂತ ಬುರುಡೆ ಬಿಡುತ್ತಾನೆ. ಹಡಗಿನಲ್ಲಿ ಪುಸ್ತಕ ಓದಿ ಕಲಿತ ಮಾತುಗಳನ್ನು ಉದುರಿಸುತ್ತಾನೆ. ಆಮೇಲೆ ಸಿಕ್ಕಿಬೀಳುತ್ತಾನೆ, ಅಪ್ಪ ಅವನನ್ನು ನಿಜವಾಗಿಯೂ ಮೀನು ಹಿಡಿಯಲು ಕರೆದಾಗ. ಹೋಟೆಲ್ ಕೋಣೆಯಲ್ಲಿ ಒಬ್ಬ ಮೇಷ್ಟ್ರನ್ನು ಇಟ್ಟುಕೊಂಡು ಗಾಳ ಬೀಸುವುದನ್ನು ಕಲಿಯುವುದು ಒಂದು ಮಜಾ. ಆಮೇಲೆ ತೊರೆಯ ಮಧ್ಯೆ ನಿಂತು ಕದ್ದು ಪುಸ್ತಕ ಓದುವುದು, ಜಾರುವುದು, ಬೀಳುವುದು, ಏಳುವುದು. ಪೊವೆಲ್ ಅಂದರೆ ಮೀಸೆಗೂ ಕೋಟಿಗೂ ಸುಕ್ಕು ಬೀಳದ ನಟ. ಅವನು ತಲೆಯಿಂದ ಕಾಲಿನ ತನಕ ಒದ್ದೆ. ಕೊನೆಗೆ ಅಪ್ಪ ಎಷ್ಟೋ ಕಾಲದಿಂದ ಹಿಂದೆ ಬಿದ್ದಿದ್ದ ಆ ದೊಡ್ಡ ಮೀನು ಇವನ ಗಾಳಕ್ಕೇ ಬೀಳುತ್ತದೆ! ಮಾತಿನ ಕಾಮಿಡಿ ಅಂದುಕೊಂಡು ಕೂತವರಿಗೆ ಇಷ್ಟು ಹೊತ್ತು ಮಾತೇ ಇಲ್ಲದ ಕಾಮಿಡಿ.

ನಾನು ಸಾವಿರ ಸಲ ಬೇಕಾದರೂ ನೋಡುತ್ತೇನೆ. ಗ್ಲಾಡಿಸ್‌ಗೆ ನ್ಯಾಯ ನೀವು ಕೊಡಿಸಿ.

ಗಾಂಧಿಬಜಾರ್ ಗೆಳತಿ

ಅಜ್ಜಾವ್ರೇ 😂 ಆದರೆ ಅಲ್ಲೂ ಅದೇ ವಿಷಯ ಇದೆ. ಬಿಲ್ ಸುಳ್ಳು ಗಂಡ, ಸುಳ್ಳು ಗಾಳಗಾರ. ನಟಿಸುತ್ತ ನಟಿಸುತ್ತ ಮೀನೂ ಸಿಕ್ಕಿತು, ಹುಡುಗಿಯೂ ಸಿಕ್ಕಿದಳು.

ಪ್ರಿಂಟ್ ಲೈನ್

ಪತ್ರಿಕೆ ಆಫೀಸಿನಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ನಿರ್ಮಾಪಕ ಲಾರೆನ್ಸ್ ವೈನ್‌ಗಾರ್ಟನ್, ಮೂಲ ಕಥೆ ವ್ಯಾಲೇಸ್ ಸಲಿವನ್ ಅಂತೆಲ್ಲ ಟೈಟಲ್‌ನಲ್ಲಿ ಬರುತ್ತದೆ. ಚಿತ್ರಕಥೆ ಬರೆದ ಮೂವರಲ್ಲಿ ಒಬ್ಬರ ಹೆಸರನ್ನು ಗಮನಿಸಿ: ಮಾರೀನ್ ಡಲಾಸ್ ವಾಟ್ಕಿನ್ಸ್. ಆಕೆ ಷಿಕಾಗೋ ಟ್ರಿಬ್ಯೂನ್‌ನಲ್ಲಿ 1924ರಲ್ಲಿ ಕೊಲೆ ಕೇಸುಗಳ ವರದಿ ಮಾಡಿದವರು. ಅದರ ಮೇಲೆ ಬರೆದ ನಾಟಕದಿಂದ ಹೆಸರಾದವರು. ಪತ್ರಿಕೆಗಳು ಹೆಂಗಸರ ಮಾನವನ್ನು ಹೇಗೆ ಮಾರುತ್ತವೆ ಅನ್ನುವುದನ್ನು ಒಳಗಿನಿಂದ ಕಂಡವರು.

ಅದಕ್ಕೇ ಹ್ಯಾಗರ್ಟಿ ಇಷ್ಟು ನಿಜ ಅನಿಸುತ್ತಾನೆ. ಸುಳ್ಳು ಬರೆದೆವು, ಸರಿ. ಕ್ಷಮೆ ಕೇಳುವ ಯೋಚನೆ ಅವನಿಗೆ ಬರುವುದೇ ಕಷ್ಟ. ಸುದ್ದಿಯನ್ನು ತಿದ್ದುವ ಬದಲು ಆ ಹುಡುಗಿಯ ಬದುಕನ್ನೇ ಸುದ್ದಿಗೆ ತಕ್ಕಂತೆ ತಿರುಚಲು ಹೊರಡುತ್ತಾನೆ. ಇಂಥ ಸಂಪಾದಕರ ಕೈಕೆಳಗೆ ನಾನೂ ದುಡಿದಿದ್ದೇನೆ, ಹೆಸರು ಬೇಡ. ಮದುವೆ, ಮುಂಜಿ, ಸಾವು ಯಾವುದಿದ್ದರೂ 'ಮೊದಲು ಪೇಜ್ ಮುಗಿಸು' ಅನ್ನುವವರು. ಟ್ರೇಸಿ ಅದನ್ನು ಆಡಿ ತೋರಿಸಿದ ರೀತಿ ನೋಡಿದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಗ್ಲಾಡಿಸ್ ವಿಷಯದಲ್ಲಿ ನನ್ನ ವೋಟು ಸಂಜೆ ಶೋ ಅವರಿಗೆ. ಅವಳು ವಾಪಸ್ ಹೋಗುವುದು ಹ್ಯಾಗರ್ಟಿಯ ಹತ್ತಿರ ಅಲ್ಲ, ಅವನ ಪತ್ರಿಕೆಯ ಹತ್ತಿರ. ಮುಂದಿನ ಮದುವೆ ದಿನವೂ ಯಾವುದೋ ಎಡಿಷನ್ ಅಡ್ಡ ಬರುತ್ತದೆ.

ಹಡ್ಸನ್ ದಡದಿಂದ

ನಾನು ಇರುವ ಕಡೆ ಟೀವಿಯಲ್ಲಿ ಈ ಹಳೇ ಚಿತ್ರಗಳು ಆಗಾಗ ಬರುತ್ತವೆ. ತೆರೆಯ ಹಿಂದಿನ ಕಥೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಆ ಹೊತ್ತಿಗೆ ಹಾರ್ಲೋ ಮತ್ತು ಪೊವೆಲ್ ನಿಜ ಜೀವನದಲ್ಲಿ ಜೋಡಿ. ಹಾರ್ಲೋಗೆ ಮದುವೆ ಆಗುವ ಆಸೆ, ಪೊವೆಲ್‌ಗೆ ಹಿಂಜರಿಕೆ. ಹಾರ್ಲೋ ಕೇಳಿದ್ದು ಕಾನಿಯ ಪಾತ್ರವನ್ನು. ಕೊನೆಗೆ ಪೊವೆಲ್ ಸಿಗುವುದು ಕಾನಿಗೆ ತಾನೆ? ಸ್ಟುಡಿಯೋ ಒಪ್ಪಲಿಲ್ಲ. ಪೊವೆಲ್–ಲಾಯ್ ಜೋಡಿಗೆ ಜನ ಮುಗಿಬೀಳುತ್ತಿದ್ದರು. 1934ರಲ್ಲಿ ಅವರು ಪತ್ತೇದಾರ ದಂಪತಿಯಾಗಿ ಗೆದ್ದ ಮೇಲೆ ಅವರನ್ನು ಬೇರೆ ಮಾಡುವ ಮಾತೇ ಇರಲಿಲ್ಲ. ಅದೇ 1936ರಲ್ಲಿ ಇನ್ನೊಂದು ಚಿತ್ರದಲ್ಲೂ ಇಬ್ಬರೂ ಗಂಡ–ಹೆಂಡತಿ. ಆ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. 'ಲೈಬಲ್ಡ್ ಲೇಡಿ' ಕೂಡ ಆ ಪ್ರಶಸ್ತಿಯ 10 ಚಿತ್ರಗಳ ಪಟ್ಟಿಯಲ್ಲಿ ಇತ್ತು.

ಹಾಗಾಗಿ ಹಾರ್ಲೋಗೆ ದಕ್ಕಿದ್ದು ಗ್ಲಾಡಿಸ್. ಆದರೆ ತೆರೆಯ ಮೇಲೆ ಪೊವೆಲ್ ಜೊತೆ ಮದುವೆಯ ಸೀನ್ ಮಾತ್ರ ಅವಳದೇ.

ಜನ ಪೊವೆಲ್–ಲಾಯ್ ನಿಜವಾಗಿ ದಂಪತಿ ಅಂತಲೇ ನಂಬಿದ್ದರು. ಲಾಯ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳಿದ್ದಾರೆ. ಮುಂದಿನ ಚಿತ್ರದ ಶೂಟಿಂಗಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಹೋಟೆಲಿನವರು 'ದಂಪತಿಗೆ' ಅಂತ ಒಂದು ದೊಡ್ಡ ಸೂಟ್ ಕಾದಿಟ್ಟಿದ್ದರು. ಹಾರ್ಲೋ ಕೂಡ ಜೊತೆಗೆ ಬಂದಿದ್ದಳು. ಕೊನೆಗೆ ಆ ಸೂಟಿನಲ್ಲಿ ಉಳಿದವರು ಲಾಯ್ ಮತ್ತು ಹಾರ್ಲೋ. ಪೊವೆಲ್ ಪಾಲಿಗೆ ಒಂದು ಪುಟ್ಟ ಕೋಣೆ. ಇಬ್ಬರು ಹೆಂಗಸರೂ ಒಳ್ಳೇ ಸ್ನೇಹಿತೆಯರಾದರು.

1937ರ ಜೂನ್ 7ರಂದು ಹಾರ್ಲೋ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಳು. ಆಗ ಅವಳಿಗೆ 26 ವರ್ಷ. ಪೊವೆಲ್ ಜೊತೆ ಮದುವೆ ಆಗಲೇ ಇಲ್ಲ.

ಇದು ಗೊತ್ತಿದ್ದು ಆ ಮದುವೆ ಸೀನ್ ನೋಡಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ತುಂಗಾ ತೀರ

ಅಯ್ಯೋ. 26 ಅಷ್ಟೇನಾ?

ಸಂಜೆ ಶೋ

ಹಡ್ಸನ್ ದಡದಿಂದ ಅವರೇ, ಧನ್ಯವಾದ. ಆ ಸಾವಿನ ನೆನಪಿನಿಂದಲೇ ನಾವು ಗ್ಲಾಡಿಸ್ ಪರ ಆಗುತ್ತಿದ್ದೇವೆ ಅಂತ ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಇದೆಲ್ಲ ಗೊತ್ತಿಲ್ಲದೆ ನೋಡಿದರೂ ತೆರೆಯ ಮೇಲೆ ಜಾಸ್ತಿ ಜೀವ ಇರುವುದು ಹಾರ್ಲೋಗೇ. ಕಾನಿ ತಣ್ಣಗಿನ ಹೆಣ್ಣು, ಬುದ್ಧಿವಂತೆ. ಬಿಲ್‌ನದು ಬರೀ ನಯ. ಗ್ಲಾಡಿಸ್ ನೇರವಾಗಿ ಕೂಗುತ್ತಾಳೆ, ಬಾಗಿಲು ಬಡಿಯುತ್ತಾಳೆ, ಬೇಕು ಅಂದರೆ ಬೇಕು ಅನ್ನುತ್ತಾಳೆ. ಉಳಿದವರೆಲ್ಲ ಏನನ್ನೋ ಮುಚ್ಚಿಡುತ್ತಿರುವಾಗ ಇವಳು ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ.

ಡಬ್ಬಾ ರೀಲ್

ಒಂದನ್ನು ಮುಚ್ಚಿಟ್ಟಿದ್ದಳಲ್ಲ ಸಾರ್, ರೀನೋ ವಿಚ್ಛೇದನ!

ಗಾಂಧಿಬಜಾರ್ ಗೆಳತಿ

ಡಬ್ಬಾ ರೀಲ್ ಹೇಳಿದ್ದು ತಮಾಷೆಗೆ ಇರಬಹುದು, ಆದರೆ ನನಗೆ ಇದೇ ಚಿತ್ರದ ಗುಟ್ಟು. ಗಂಡಸರು ಕಾಗದ ಹಿಡಿದುಕೊಂಡು ಆಟ ಆಡಲು ಹೊರಟರು. ಮದುವೆ ಮಾಡಿಸುತ್ತೇವೆ, ರದ್ದು ಮಾಡುತ್ತೇವೆ, ಬೇಕಾದವರಿಗೆ ಕೊಡುತ್ತೇವೆ ಅಂತ. ಅವರನ್ನು ಸೋಲಿಸಿದ್ದು ಯಾರು? ಕಾನಿಗೆ ಬಿಲ್ ಮೇಲೆ ಅನುಮಾನ ಬಂದಾಗ ಅವಳು ಅಳುತ್ತ ಕೂರಲಿಲ್ಲ. ತಾನೇ 'ಈಗಲೇ ಮದುವೆ ಆಗೋಣ' ಅಂದಳು. ಇವನಿಗೆ ನಿಜವಾಗಿ ಹೆಂಡತಿ ಇದ್ದರೆ ಹಿಂಜರಿಯಬೇಕು, ಅಲ್ವಾ? ಒಂದೇ ಪ್ರಶ್ನೆಯಲ್ಲಿ ಪರೀಕ್ಷೆ. ಗ್ಲಾಡಿಸ್ ತನ್ನ ಹಳೇ ಮದುವೆಯನ್ನು ಎರಡೆರಡು ಕಡೆ ಕಳಚಿಕೊಂಡು ಗಟ್ಟಿ ಮಾಡಿಕೊಂಡಳು. ಇಡೀ ಚಿತ್ರದಲ್ಲಿ ಕಾಗದಪತ್ರ ಸರಿಯಾಗಿ ಇಟ್ಟುಕೊಂಡವಳು ಅವಳೊಬ್ಬಳೇ!

ಕೊನೆಯಲ್ಲಿ ಗ್ಲಾಡಿಸ್‌ಗೆ ಬುದ್ಧಿ ಹೇಳುವವಳೂ ಕಾನಿಯೇ. ಅದನ್ನು ನಾನು 'ಕಳಿಸಿಬಿಟ್ಟರು' ಅಂತ ನೋಡುವುದಿಲ್ಲ. ಗಂಡಸರು ಕಟ್ಟಿದ ಗಂಟನ್ನು ಇಬ್ಬರು ಹೆಂಗಸರು ಕೂತು ಬಿಡಿಸಿದರು.

ಸಂಜೆ ಶೋ

ಕೂತು ಬಿಡಿಸಿದರು, ಸರಿ. ಆದರೆ ಒಬ್ಬಳಿಗೆ ಬಯಸಿದವನು ಸಿಕ್ಕ, ಇನ್ನೊಬ್ಬಳಿಗೆ ಉಳಿದವನು ಸಿಕ್ಕ. ಮಾತು ಗೆದ್ದವಳು ಕಾನಿ. ಅವಳ ಹಿಂದೆ ಅಪ್ಪನ ದುಡ್ಡಿದೆ, ಓದಿದೆ, ಮಾತಿನ ನಯ ಇದೆ. ಆ ಕೋಣೆಯಲ್ಲಿ ಕಾನೂನಿನ ಹಕ್ಕು ಇರುವುದು ಗ್ಲಾಡಿಸ್‌ಗೆ, ಬಿಟ್ಟುಕೊಡಬೇಕಾದವಳೂ ಗ್ಲಾಡಿಸ್.

ಕೋರ್ಟು ಕಚೇರಿ

ಈ ವಾದ ನಡೆಯುವಾಗ ಒಂದು ವಿಷಯ ಹೊಳೆಯಿತು. ನಿಧಾನವಾಗಿ ಹೇಳುತ್ತೇನೆ.

ರೀನೋ ವಿಚ್ಛೇದನ ಊರ್ಜಿತ ಆದರೆ ಬಿಲ್‌ನ ಹೆಂಡತಿ ಗ್ಲಾಡಿಸ್. ಹಾಗಾದರೆ ಬಿಲ್ ಕಾನಿಯನ್ನು ಮದುವೆ ಆದದ್ದು ಲೆಕ್ಕಕ್ಕೇ ಇಲ್ಲ. ಕೊನೆಯ ಶಾಟ್‌ನಲ್ಲಿ ನಾಲ್ವರೂ ಒಟ್ಟಿಗೆ ಕಿರುಚುತ್ತಿರುವಾಗ, ಕಾನಿಯ ಅಪ್ಪ ಬಂದು ಏನಾಯ್ತು ಅಂತ ಕೇಳುವಾಗ, ಕಾನೂನಿನ ಕಣ್ಣಿನಲ್ಲಿ ಪರಿಸ್ಥಿತಿ ಏನು? ಕಾನಿ ಆಲನ್‌ಬರಿ ಇನ್ನೊಬ್ಬಳ ಗಂಡನ ಜೊತೆ ಇದ್ದಾಳೆ.

ಅಂದರೆ ಯಾವ ಸುಳ್ಳಿಗೆ ಅವಳು 50 ಲಕ್ಷ ಡಾಲರ್ ಕೇಳಿದ್ದಳೋ ಆ ಮಾತು ಈಗ ಅವಳ ಮೇಲೆ ನಿಜವಾಗಿದೆ. ಹ್ಯಾಗರ್ಟಿ ಇಷ್ಟೆಲ್ಲ ನಾಟಕ ಕಟ್ಟಿದ್ದು ಇದಕ್ಕೇ. ಅವನ ಉಪಾಯ ಎಲ್ಲ ಕಡೆ ಕೆಟ್ಟಿತು, ಕೊನೆಗೆ ತಾನಾಗಿಯೇ ಫಲಿಸಿತು. ಅದು ಅವನಿಗೇ ಗೊತ್ತಾಗಲಿಲ್ಲ!

ಪ್ರಿಂಟ್ ಲೈನ್

ವಕೀಲರೇ, ನಿಮಗೊಂದು ನಮಸ್ಕಾರ. ಚಿತ್ರ ಮುಗಿದ ಮೇಲೆ ಇನ್ನೂ ಒಂದು ವಿಚ್ಛೇದನ, ಎರಡು ಮದುವೆ ಬಾಕಿ ಇವೆ ಹಾಗಾದರೆ.

ಸಂಜೆ ಶೋ

ಕೋರ್ಟು ಕಚೇರಿ ಸರ್, ಇದು ನನ್ನ ಕೇಸನ್ನು ಗಟ್ಟಿ ಮಾಡಿತು. ಮಾನ ಹೋಯಿತು ಅಂತ ಎಲ್ಲರೂ ಒಂದೂವರೆ ಗಂಟೆ ಕಾನಿಯ ಬಗ್ಗೆ ಚಿಂತೆ ಮಾಡಿದರು. ಗಂಡನನ್ನು ನಿಜವಾಗಿ ಕಳೆದುಕೊಂಡ ಗ್ಲಾಡಿಸ್‌ಗೆ ಒಂದು ಡಾಲರ್ ಕೂಡ ಇಲ್ಲ.

ಗಾಂಧಿಬಜಾರ್ ಗೆಳತಿ

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಪಾಯಿಂಟ್ ನಿಮಗೆ.

ತುಂಗಾ ತೀರ

ಈಗ ಅರ್ಥ ಆಯ್ತು! ಒಂದು ಪ್ರಶ್ನೆ. ಇದನ್ನೇ ಮತ್ತೆ ಕಲರ್‌ನಲ್ಲಿ ತೆಗೆದಿದ್ದಾರಂತೆ? ಮನೆಯಲ್ಲಿ ಕಪ್ಪು–ಬಿಳುಪು ಅಂದರೆ ಯಾರೂ ಕೂರುವುದಿಲ್ಲ. ಅದನ್ನೇ ಹಾಕಲಾ?

ಡಬ್ಬಾ ರೀಲ್

ಹೌದು. ಎಂಜಿಎಂ 1946ರಲ್ಲಿ 'ಈಸಿ ಟು ವೆಡ್' ಅಂತ ಟೆಕ್ನಿಕಲರ್‌ನಲ್ಲಿ ತೆಗೆಯಿತು. ಬಿಲ್ ಆಗಿ ವ್ಯಾನ್ ಜಾನ್ಸನ್, ಕಾನಿ ಆಗಿ ಎಸ್ತರ್ ವಿಲಿಯಮ್ಸ್, ಸಂಪಾದಕನಾಗಿ ಕೀನನ್ ವಿನ್. ಹಾಡು, ಈಜುಕೊಳ ಎಲ್ಲ ಇದೆ. ಆದರೆ ಮೂಲದ ಚುರುಕು ಇಲ್ಲ. ನೋಡುವುದೇ ಆದರೆ ಗ್ಲಾಡಿಸ್‌ಗಾಗಿ ನೋಡಿ. ಆ ಪಾತ್ರ ಮಾಡಿದ್ದು ಲೂಸಿಲ್ ಬಾಲ್. ಟೀವಿಯಲ್ಲಿ ಅವಳು ಮನೆಮಾತಾಗುವುದಕ್ಕೆ ಇನ್ನೂ 5 ವರ್ಷ ಇತ್ತು. ಅಲ್ಲೂ ಉಳಿದ ಮೂವರನ್ನು ನುಂಗಿಹಾಕುವುದು ಅವಳೇ.

ಅಜ್ಜನ ರೇಡಿಯೋ

ಮನೆಯವರನ್ನು ಕೂರಿಸಿ ಕಪ್ಪು–ಬಿಳುಪೇ ಹಾಕಿ ಮಗಾ. ಮೀನಿನ ಸೀನ್ ಬರುವ ತನಕ ತಡೆದುಕೊಳ್ಳಲಿ, ಆಮೇಲೆ ಅವರೇ ಎದ್ದು ಹೋಗುವುದಿಲ್ಲ.